ಹಳದಿ ಹಕ್ಕಿಯ ಬಲಗೈ

(ಕುಂದಾಪುರದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿ ನಡೆದ ಗೊಂಬೆಯಾಟದ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ರೆಕಾರ್ಡಿಂಗ್ ಕೇಳಿ ಇಳಿಸಿಕೊಳ್ಳುವಾಗ ಒಂದೇ ಮಾತು ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಉಳಿದದ್ದು ಆಡಿದ ಹಾಗೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ಊಟ ಆದ ಮೇಲಿನ ಹೊತ್ತು. ಸೆಖೆ ಬೇರೆ. ಯಾರೂ ತೂಕಡಿಸದ ಹಾಗೆ ನೋಡಿಕೊಳ್ಳಿ ಅಂತ ನನಗೆ ಮೊದಲೇ ಹೇಳಿಟ್ಟಿದ್ದಾರೆ. ಅದಕ್ಕೆ ಒಂದು ಕೆಲಸ ಮಾಡುವ. ಎಲ್ಲರೂ ಬಲಗೈ ಎತ್ತಿ. ಪ್ರತಿಜ್ಞೆ ಮಾಡುವಾಗ ಚಾಚುತ್ತೇವಲ್ಲ, ಹಾಗೆ ಬೇಡ. ನೆಟ್ಟಗೆ, ತಲೆಯ ಮೇಲಕ್ಕೆ. ತೋಳು ಕಿವಿಗೆ ತಾಗಬೇಕು. ಹಾಂ, ಹಾಗೇ ಇರಲಿ, ನಾನು ಹೇಳುವ ತನಕ ಇಳಿಸಬೇಡಿ.

ಈಗ ಮುಂಗೈಯನ್ನು ಮುಂದಕ್ಕೆ ಬಗ್ಗಿಸಿ, ಬಾತುಕೋಳಿಯ ಕೊಕ್ಕಿನ ಹಾಗೆ. ಬೆರಳುಗಳು ಮೇಲಿನ ಕೊಕ್ಕು, ಹೆಬ್ಬೆರಳು ಕೆಳಗಿನದು. ಕಿರುಬೆರಳನ್ನು ಮಾತ್ರ ಬೇರೆ ಇಟ್ಟುಕೊಳ್ಳಿ, ಅದಕ್ಕೆ ಬೇರೆ ಡ್ಯೂಟಿ ಇದೆ. ಅದು ಕಣ್ಣಿನ ರೆಪ್ಪೆ. ಮಾತಾಡುವಾಗ ಕೊಕ್ಕು ತೆರೆಯಬೇಕು, ಆಶ್ಚರ್ಯ ಆದರೆ ಕಿರುಬೆರಳಿನಿಂದ ರೆಪ್ಪೆ ಎತ್ತಬೇಕು, ದುಃಖ ಆದರೆ ಇಳಿಸಬೇಕು. ಇಳಿಸಬೇಡಿ ಮಾರಾಯ್ರೆ, ರೆಪ್ಪೆ ಇಳಿಸಿ ಅಂದೆ, ಕೈಯನ್ನಲ್ಲ!

ನಿಮ್ಮ ಆ ಕೈಯ ಮೇಲೆ ಸುಮಾರು ಎರಡು ಕಿಲೋ ತೂಕದ ಒಂದು ತಲೆ ಇದೆ ಅಂದುಕೊಳ್ಳಿ. ಅಲ್ಲಿಂದ ಕೆಳಕ್ಕೆ ಮೊಣಕಾಲಿನ ತನಕ ಟರ್ಕಿ ಕೋಳಿಯ ಪುಕ್ಕ, ಹಳದಿ ಬಣ್ಣ ಹಾಕಿದ್ದು, ಸಾವಿರಗಟ್ಟಲೆ. ಒಳಗೆ ಕತ್ತಲೆ. ಹೊರಗೆ ನೋಡಲಿಕ್ಕೆ ಒಂದು ತೂತೂ ಇಲ್ಲ. ಎದೆಗೆ ಒಂದು ಪುಟ್ಟ ಟೀವಿ ಕಟ್ಟಿಕೊಂಡಿದ್ದೀರಿ, ಎದುರಿನ ಕ್ಯಾಮೆರಾ ನೋಡುತ್ತಿರುವುದು ಅದರಲ್ಲಿ ಕಾಣುತ್ತದೆ. ಅದು ಕನ್ನಡಿಯ ಚಿತ್ರ ಅಲ್ಲ. ನೀವು ಎಡಕ್ಕೆ ಸರಿದರೆ ಪರದೆಯ ಮೇಲಿನ ಹಕ್ಕಿ ಬಲಕ್ಕೆ ಸರಿಯುತ್ತದೆ. ಆಡಬೇಕಾದ ಮಾತಿನ ಕಾಗದವನ್ನು ಒಳಗಡೆ ಅಂಟಿಸಿಕೊಂಡಿದ್ದೀರಿ. ಎಡಗೈ ಎಡ ರೆಕ್ಕೆಯಲ್ಲಿದೆ. ಹಾಗಾದರೆ ಬಲ ರೆಕ್ಕೆ? ಬಲಗೈ ಮೇಲೆ ಹೋಗಿಬಿಟ್ಟಿದೆಯಲ್ಲ! ಬಲ ರೆಕ್ಕೆಯೊಳಗೆ ಬರೀ ತುಂಬಿದ ಹತ್ತಿ. ಅದನ್ನು ಒಂದು ಮೀನಿನ ಗಾಳದ ದಾರದಿಂದ ಕುತ್ತಿಗೆಯ ಹತ್ತಿರದ ಬಳೆಯೊಂದರ ಮೂಲಕ ಎಡಗೈಗೆ ಕಟ್ಟಿದ್ದಾರೆ. ಎಡಗೈ ಕೆಳಗೆ ಹೋದರೆ ಬಲ ರೆಕ್ಕೆ ಮೇಲೆ ಬರುತ್ತದೆ. ನಮ್ಮ ಬಾವಿಯ ರಾಟೆಯ ಲೆಕ್ಕ.

ಇಷ್ಟೆಲ್ಲ ಹೊತ್ತುಕೊಂಡು ನಡೆಯಬೇಕು, ಹಾಡಬೇಕು, ನಾಲ್ಕು ವರ್ಷದ ಮಗುವಿನ ಜೊತೆ ಪ್ರೀತಿಯಿಂದ ಮಾತಾಡಬೇಕು. ಕೆಲವು ಸಲ ಚಕ್ರದ ಶೂ ಹಾಕಿಕೊಂಡು ಸ್ಕೇಟಿಂಗ್ ಕೂಡ ಮಾಡಬೇಕು.

ಆಯಿತು, ಕೈ ಇಳಿಸಿ. ಎಷ್ಟು ಹೊತ್ತಾಯಿತು? ಎರಡು ನಿಮಿಷ ಚಿಲ್ಲರೆ. ಹಿಂದಿನ ಸಾಲಿನವರು ಮುಂಚೆಯೇ ಇಳಿಸಿದ್ದನ್ನು ನಾನು ನೋಡಿದ್ದೇನೆ, ಇರಲಿ.

ಈ ಕೈಯನ್ನು 1969ರಲ್ಲಿ ಎತ್ತಿ, ತನಗೆ 80 ದಾಟುವ ತನಕ ಎತ್ತಿಕೊಂಡೇ ಇದ್ದ ಮನುಷ್ಯನ ಹೆಸರು ಕೆರಲ್ ಸ್ಪಿನ್ನಿ. ಅಮೆರಿಕದ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಟೀವಿ ಕಾರ್ಯಕ್ರಮದ ಬಿಗ್ ಬರ್ಡ್ ಅವರೇ. ಎಂಟು ಅಡಿ ಎರಡು ಇಂಚಿನ ಹಕ್ಕಿ. ಅದೇ ಬೀದಿಯ ಕಸದ ಡಬ್ಬಿಯಲ್ಲಿ ವಾಸ ಮಾಡುವ, ಯಾರು ಬಂದರೂ ಗದರುವ ಆಸ್ಕರ್ ಕೂಡ ಅವರೇ. ಅಮೆರಿಕದಲ್ಲಿ ಈ ಹಕ್ಕಿಯನ್ನು ಗುರುತಿಸದ ಮನೆ ಇಲ್ಲ. ಆದರೆ ಸ್ಪಿನ್ನಿ ತರಕಾರಿ ಅಂಗಡಿಗೆ ಹೋದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ನನಗೆ ಆ ಮನುಷ್ಯನ ಕೈ ಕುಲುಕುವ ಭಾಗ್ಯ ಒಂದು ಸಲ ಸಿಕ್ಕಿತ್ತು. ಇವತ್ತಿನ ಮಾತು ಅದರದ್ದು. ಪೂರಾ ಒಂದು ನಿಮಿಷದ ಭೇಟಿ. ಅದಕ್ಕೆ ಮುಕ್ಕಾಲು ಗಂಟೆಯ ಉಪನ್ಯಾಸವೇ ಅಂತ ಕೇಳಬೇಡಿ, ಮಕ್ಕಳ ಗೊಂಬೆಯ ಬಗ್ಗೆ ನನಗೆ ತಿಳಿದದ್ದರಲ್ಲಿ ಹೆಚ್ಚಿನದು ಆ ಒಂದು ನಿಮಿಷದ ಸುತ್ತಲೇ ಇದೆ.

ನಾನು ಮದುವೆಯಾಗಿ ಹೋದದ್ದು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ಗೆ. ಇನ್ಶೂರೆನ್ಸ್ ಕಂಪನಿಗಳ ಊರು ಅದು, ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರು ತುಂಬ ಜನ. ಗಂಡನಿಗೆ ಕೆಲಸದ ವೀಸಾ, ನನಗೆ ಗಂಡನ ಹಿಂದೆ ಹೋದವರ ವೀಸಾ. ದುಡಿಯುವ ಹಾಗಿಲ್ಲ. ಇಲ್ಲಿ ಕನ್ನಡ ಎಂ.ಎ. ಮಾಡಿದವಳು ಅಲ್ಲಿ ಬಾಗಿಲಿಗೆ ಯಾರಾದರೂ ಬಂದರೆ ಹಿಂದಿನ ಕೋಣೆಗೆ ಹೋಗಿ ಕೂರುತ್ತಿದ್ದೆ. ಅವರ ಇಂಗ್ಲಿಷ್ ನನಗೆ ಅರ್ಥವಾಗುತ್ತಿರಲಿಲ್ಲ, ನನ್ನದು ಅವರಿಗೆ. ಮಗಳು ಹುಟ್ಟಿ, ಅವಳು ಟೀವಿ ನೋಡುವಷ್ಟು ಆದಮೇಲೆ ದಿನಾ ಬೆಳಿಗ್ಗೆ ಅವಳ ಪಕ್ಕ ನಾನೂ ಕೂತೆ. ಅವಳಿಗೆ ಗೊಂಬೆ, ನನಗೆ ಪಾಠ.

ಆ ಕಾರ್ಯಕ್ರಮದ ಶುರುವಿನ ದಿನಗಳ ಒಂದು ತುಣುಕನ್ನು ಆಗೀಗ ತೋರಿಸುತ್ತಿದ್ದರು. ಹಕ್ಕಿಗೆ ಎಲ್ಲೋ ಎ ಬಿ ಸಿ ಡಿ ಸಾಲಾಗಿ ಬರೆದದ್ದು ಕಾಣುತ್ತದೆ. ಅದು ಅಕ್ಷರಮಾಲೆ ಅಂತ ಹಕ್ಕಿಗೆ ಗೊತ್ತಿಲ್ಲ. ಇದೊಂದೇ ಉದ್ದ ಪದ, ತಾನು ಜೀವಮಾನದಲ್ಲಿ ಕಂಡ ಅತಿ ವಿಚಿತ್ರವಾದ ಪದ ಅಂದುಕೊಂಡು, ಅದನ್ನು ಒಟ್ಟಿಗೆ ಉಚ್ಚಾರ ಮಾಡಿ, ಇದರ ಅರ್ಥ ಏನಿರಬಹುದು ಅಂತ ಹಾಡು ಕಟ್ಟುತ್ತದೆ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆ ಊರಿನಲ್ಲಿ ಬಸ್ಸಿನ ಬೋರ್ಡು, ಔಷಧಿ ಬಾಟಲಿ, ಬ್ಯಾಂಕಿನ ಕಾಗದ ಎಲ್ಲ ನನಗೆ ಹಾಗೇ ಕಾಣುತ್ತಿದ್ದವು.

2003ರಲ್ಲಿ ಸ್ಪಿನ್ನಿ ಒಂದು ಪುಸ್ತಕ ತಂದರು. ಬಿಗ್ ಬರ್ಡ್‌ನ ವಿವೇಕ ಮತ್ತು ಆಸ್ಕರನ ಕರಾಳ ಪ್ರತಿಭೆ ಎರಡೂ ಅದರ ಹೆಸರಿನಲ್ಲೇ ಇವೆ. ಅವರ ಮನೆ ಇದ್ದದ್ದು ವುಡ್‌ಸ್ಟಾಕ್‌ನಲ್ಲಿ, ಅದೂ ಕನೆಕ್ಟಿಕಟ್ಟೇ, ನಮ್ಮಲ್ಲಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಹತ್ತಿರದ ಪುಸ್ತಕದ ಅಂಗಡಿಗೆ ಸಹಿ ಹಾಕಲು ಬರುತ್ತಾರೆ ಅಂತ ಗ್ರಂಥಾಲಯದ ಗೋಡೆಯ ಮೇಲೆ ನೋಡಿದೆ. ಮಗಳಿಗೆ ಆಗ ನಾಲ್ಕು ವರ್ಷ. ಮನೆಯಲ್ಲಿ ಅವಳನ್ನು ಚುಕ್ಕಿ ಅಂತ ಕರೆಯುವುದು. ಇವತ್ತೂ ಹಾಗೇ ಕರೆಯುತ್ತೇನೆ.

ಹೊರಡುವ ಹೊತ್ತಿಗೆ ಚುಕ್ಕಿ ಅಡುಗೆಮನೆಯ ಕಸದ ಬುಟ್ಟಿಗೆ ಕೈ ಹಾಕಿದ್ದಳು. ಏನೇ ಅದು ಅಂದರೆ, ಆಸ್ಕರ್‌ಗೆ ಉಡುಗೊರೆ ಬೇಡವಾ ಅಂದಳು. ಆಸ್ಕರ್‌ಗೆ ಕಸ ಅಂದರೆ ಪ್ರಾಣ, ಅದು ಅವಳಿಗೆ ಗೊತ್ತು. ಅವಳು ಆರಿಸಿದ್ದು ಪಾರ್ಲೆ-ಜಿ ಬಿಸ್ಕತ್ತಿನ ಖಾಲಿ ಪೊಟ್ಟಣ. ಇಂಡಿಯನ್ ಸ್ಟೋರಿನದ್ದು. ಒಂದು ಪುಡಿಯೂ ಇಲ್ಲದ ಹಾಗೆ ಕೊಡವಿ, ನಾಲ್ಕು ಮಡಿಕೆ ಮಾಡಿ, ಜಾಕೆಟ್ಟಿನ ಕಿಸೆಗೆ ಹಾಕಿಕೊಂಡಳು.

ಅಂಗಡಿಯಲ್ಲಿ ಸಾಲು ಬಾಗಿಲಿನಿಂದ ಹೊರಗೆ ಬಂದಿತ್ತು. ಮಕ್ಕಳದ್ದೇ ಗಲಾಟೆ ಇರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಸಾಲಿನ ಅರ್ಧ ಭಾಗ ಮೂವತ್ತು ದಾಟಿದವರು! ಟೈ ಕಟ್ಟಿಕೊಂಡು ಆಫೀಸಿನಿಂದ ನೇರ ಬಂದವರಿದ್ದರು. 1969ರಲ್ಲಿ ಮೂರು ನಾಲ್ಕು ವರ್ಷದವರಾಗಿದ್ದವರು. ಹಣ್ಣಾದ ಗಡ್ಡ, ನಗುಮುಖದ ಒಬ್ಬ ಸಾಧಾರಣ ಎತ್ತರದ ಮನುಷ್ಯ ಮೇಜಿನ ಹಿಂದೆ ಕೂತಿದ್ದರು. ಅವರ ಬಲಗೈಯ ತುದಿಯಲ್ಲಿ ಹಸಿರು ಜಡೆಗೂದಲಿನ, ಕಂದು ಹುಬ್ಬಿನ ಆಸ್ಕರ್.

ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ಕೇಳಿ. ಶಬ್ದಭ್ರಮೆ ಮಾಡುವವರನ್ನು ನೀವು ನೋಡಿದ್ದೀರಿ, ಅವರು ತುಟಿ ಅಲ್ಲಾಡಿಸುವುದಿಲ್ಲ. ಆ ಕಲೆಯ ಗುಟ್ಟೇ ಅದು. ಸ್ಪಿನ್ನಿ ಅದನ್ನು ಮಾಡುತ್ತಿರಲಿಲ್ಲ. ಟೀವಿಯಲ್ಲಿ ಅವರ ಮುಖ ಕಾಣುವುದೇ ಇಲ್ಲವಲ್ಲ, ಹಾಗಾಗಿ ತುಟಿ ಅಡಗಿಸುವ ಅಭ್ಯಾಸ ಬೇಕಿರಲಿಲ್ಲ. ಆ ಅಂಗಡಿಯಲ್ಲೂ ಅವರ ಬಾಯಿ ಎಲ್ಲರೆದುರು ಧಾರಾಳವಾಗಿ ಅಲ್ಲಾಡುತ್ತಿತ್ತು. ಧ್ವನಿ ಗಡ್ಡದ ನಡುವಿನಿಂದ ಬರುತ್ತಿದೆ ಅನ್ನುವುದು ಯಾರಿಗಾದರೂ ಗೊತ್ತಾಗುವ ವಿಷಯ. ಆದರೂ ಸಾಲಿನಲ್ಲಿದ್ದ ಒಂದು ಮಗುವೂ ಅವರನ್ನು ನೋಡುತ್ತಿರಲಿಲ್ಲ. ಮಕ್ಕಳು ಬಿಡಿ, ಟೈ ಕಟ್ಟಿದವರೂ ಮಾತಾಡುತ್ತಿದ್ದದ್ದು ಆಸ್ಕರನ ಮುಖ ನೋಡಿಕೊಂಡೇ. ಯಾಕೆ ಅಂದರೆ ಸ್ಪಿನ್ನಿ ಸ್ವತಃ ಆಸ್ಕರನನ್ನೇ ನೋಡುತ್ತಿದ್ದರು. ಆಡಿಸುವವನ ಕಣ್ಣು ಎಲ್ಲಿದೆಯೋ ನೋಡುವವರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಬೆಳಿಗ್ಗೆಯಿಂದ ನೀವು ಕೈಗೊಂಬೆ ಆಡಿಸುವುದನ್ನು ನೋಡಿದೆ. ನಿಮ್ಮಲ್ಲಿ ಹೆಚ್ಚಿನವರು ಗೊಂಬೆಯನ್ನು ಬಿಟ್ಟು ಮಕ್ಕಳನ್ನು ನೋಡುತ್ತೀರಿ, ತರಗತಿ ಕಾಯುವ ಅಭ್ಯಾಸದಿಂದ. ಅಲ್ಲಿಗೆ ಗೊಂಬೆ ಸತ್ತಿತು.

ನಮ್ಮ ಸರದಿ ಬಂತು. ಚುಕ್ಕಿ ಕಿಸೆಯಿಂದ ಪೊಟ್ಟಣ ತೆಗೆದು ಮಡಿಕೆ ಬಿಚ್ಚಿ ಆಸ್ಕರನ ಮುಂದೆ ಹಿಡಿದಳು. ಆಸ್ಕರ್ ಅದನ್ನು ನೋಡಿದ. ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿದ. ನಿಧಾನಕ್ಕೆ ಬಾಯಿ ತೆರೆದ. ಇವಳು ಪೊಟ್ಟಣವನ್ನು ಬಾಯೊಳಗೆ ಇಟ್ಟಳು, ಬಾಯಿ ಮುಚ್ಚಿತು. ಆಮೇಲೆ ಆಸ್ಕರ್ ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಗುರುಗುಟ್ಟಿದ. ಎರಡು ಹೆಜ್ಜೆ ಹಿಂದಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಚುಕ್ಕಿ ಬಹಳ ಗಂಭೀರವಾಗಿ ತಲೆಯಾಡಿಸಿದಳು, ಸರ್ಕಾರಿ ಆದೇಶ ಬಂದವಳ ಹಾಗೆ.

ನಂತರ ಅವರು ಆಸ್ಕರನನ್ನು ಮೇಜಿನ ಕೆಳಗೆ ಕಳಚಿಟ್ಟು ಪುಸ್ತಕಕ್ಕೆ ಸಹಿ ಹಾಕಿದರು, ಪಕ್ಕದಲ್ಲಿ ನಾಲ್ಕೈದು ಗೀಟಿನಲ್ಲಿ ಹಕ್ಕಿಯ ಒಂದು ಮುಖ ಬರೆದರು. ನನ್ನ ಎದೆ ಧಸಕ್ಕೆಂದಿತು. ಮಗುವಿನ ಕಣ್ಣೆದುರೇ ಗೊಂಬೆ ಕಳಚಿದರಲ್ಲ! ನನಗೆ ಆ ಹೆದರಿಕೆ ಯಾಕೆ ಬಂತು ಅಂತ ಹೇಳಬೇಕು.

ನಮ್ಮ ಮನೆ ಇಲ್ಲಿಂದ ದೂರ ಅಲ್ಲ. ಉಪ್ಪಿನಕುದ್ರು ಕಾಮತರ ಯಕ್ಷಗಾನ ಗೊಂಬೆಯಾಟವನ್ನು ನಾನು ಅಜ್ಜನ ಮಡಿಲಲ್ಲಿ ಕೂತು ನೋಡಿದವಳು. ಕೊಗ್ಗ ಕಾಮತರ ಕಾಲ ಅದು. ಒಂದೂವರೆ ಅಡಿಯ ಮರದ ಗೊಂಬೆ, ಮೈತುಂಬ ಬಡಗುತಿಟ್ಟಿನ ವೇಷ, ಪರದೆಯ ಆಚೆಯಿಂದ ಭಾಗವತರ ಪದ್ಯ, ಚೆಂಡೆ. ಹನುಮಂತ ಬಂದನೆಂದರೆ ನಾನು ಅಜ್ಜನ ಶಾಲು ಕಚ್ಚುತ್ತಿದ್ದೆ. ಒಂದು ಸಲ ಆಟ ಮುಗಿದ ಮೇಲೆ ಅಜ್ಜ ಉತ್ಸಾಹದಲ್ಲಿ ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋದ. ಅಲ್ಲಿ ಹನುಮಂತನನ್ನು ದಾರ ಸಮೇತ ಒಂದು ಗೂಟಕ್ಕೆ ನೇತು ಹಾಕಿದ್ದರು. ಕತ್ತು ವಾಲಿತ್ತು. ಆ ರಾತ್ರಿಯಿಡೀ ನಾನು ಅತ್ತೆ. ಅಜ್ಜನಿಗೆ ಅಮ್ಮನಿಂದ ಬೈಗುಳ.

ಹಾಗಾಗಿ ಅಂಗಡಿಯಲ್ಲಿ ಚುಕ್ಕಿಯ ಮುಖ ನೋಡಿದೆ. ಅವಳು ತಣ್ಣಗಿದ್ದಳು. ‘ಆಸ್ಕರ್ ಮನೆ ಒಳಗೆ ಹೋದ, ಕಸ ಇಟ್ಟುಬರಲಿಕ್ಕೆ’ ಅಂದಳು, ನನಗೆ ಕನ್ನಡದಲ್ಲಿ. ಕಸದ ಡಬ್ಬಿಯಲ್ಲಿ ಇರುವವನು ಒಳಗೆ ಹೋಗುವುದು, ಹೊರಗೆ ಬರುವುದು ಅವಳಿಗೆ ದಿನಾ ನೋಡಿದ ಸಂಗತಿ. ನನ್ನ ಹನುಮಂತನಿಗೆ ಹೋಗಲು ಒಂದು ಮನೆ ಇರಲಿಲ್ಲ, ಗೂಟ ಇತ್ತು. ನಿಮ್ಮ ಶಾಲೆಯ ಗೊಂಬೆಗೆ ಒಂದು ಪೆಟ್ಟಿಗೆಯನ್ನೋ ಚೀಲವನ್ನೋ ಮನೆ ಅಂತ ಮಾಡಿಕೊಡಿ. ಖರ್ಚಿಲ್ಲದ ಕೆಲಸ.

ನಾನು ಸ್ಪಿನ್ನಿಯವರಿಗೆ ಹೇಳಬೇಕು ಅಂತ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಿಮ್ಮ ಹಕ್ಕಿಯಿಂದ ನಾನು ಇಂಗ್ಲಿಷ್ ಕಲಿತೆ, ಇತ್ಯಾದಿ. ಒಂದೂ ಬರಲಿಲ್ಲ. ಥ್ಯಾಂಕ್ಯೂ ಅಂದು ಕೈ ಚಾಚಿದೆ. ಅವರೂ ಬಲಗೈ ಕೊಟ್ಟರು. ಆಗಷ್ಟೇ ಗೊಂಬೆಯೊಳಗಿನಿಂದ ಬಂದ ಕೈ, ಬಿಸಿಯಾಗಿತ್ತು, ಸ್ವಲ್ಪ ಬೆವರಿತ್ತು. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಹೊಳೆಯಿತು, ನಾನು ಕುಲುಕಿದ್ದು ಬಿಗ್ ಬರ್ಡ್‌ನ ತಲೆಯನ್ನು.

ಈಗ ಸ್ವಲ್ಪ ಹಿಂದಕ್ಕೆ ಹೋಗುವ. ಸ್ಪಿನ್ನಿ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ವಾಲ್ಟಮ್‌ನಲ್ಲಿ, 1933ರ ಡಿಸೆಂಬರ್ 26ರಂದು. ಕ್ರಿಸ್‌ಮಸ್‌ನ ಮಾರನೇ ದಿನ, ಅದಕ್ಕೇ ಹೆಸರು ಕೆರಲ್, ಕ್ರಿಸ್‌ಮಸ್ ಹಾಡಿನ ಹೆಸರು. ಎಂಟು ವರ್ಷದ ಹುಡುಗನಾಗಿದ್ದಾಗ ಹಳೆ ಸಾಮಾನಿನ ಮಾರಾಟದಲ್ಲಿ ಐದು ಸೆಂಟ್ ಕೊಟ್ಟು ಒಂದು ಕೋತಿ ಗೊಂಬೆ ತಂದು, ಮನೆಯಲ್ಲೇ ಆಟ ಆಡಿಸಿ, ತಲೆಗೆ ಎರಡು ಸೆಂಟ್ ಟಿಕೆಟ್ ಇಟ್ಟಿದ್ದರಂತೆ. ಮಗನ ಹುಚ್ಚು ನೋಡಿ ತಾಯಿ ಗೊಂಬೆಗಳನ್ನು ಹೊಲಿದು ಒಂದು ಪುಟ್ಟ ರಂಗಮಂಚವನ್ನೇ ಮಾಡಿಕೊಟ್ಟರು. ದೊಡ್ಡವರಾಗಿ ವಾಯುಸೇನೆ, ಆಮೇಲೆ ಬಾಸ್ಟನ್‌ನ ಟೀವಿಯಲ್ಲಿ ಒಂದು ವಿದೂಷಕನ ಕಾರ್ಯಕ್ರಮ. ಅದನ್ನೆಲ್ಲ ಬಿಡುವ.

1969ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಗೊಂಬೆಯಾಟಗಾರರ ಉತ್ಸವ. ಸ್ಪಿನ್ನಿ ಹಿಂಬದಿಯ ಪರದೆಯ ಮೇಲೆ ತಾವೇ ಬರೆದ ಕಾರ್ಟೂನ್ ಸಿನಿಮಾ ಓಡಿಸಿ, ಅದರ ಮುಂದೆ ಗೊಂಬೆ ಆಡಿಸುವ ಸಾಹಸ ಮಾಡಿದ್ದರು. ಯಾರೋ ಒಂದು ದೀಪವನ್ನು ಸೀದಾ ಪರದೆಗೆ ಬಿಟ್ಟರು. ಚಿತ್ರ ಪೂರಾ ಅಳಿಸಿಹೋಯಿತು. ಮಾನ ಹೋಯಿತು ಅಂತ ಕೂತಿದ್ದಾಗ ಪರದೆಯ ಹಿಂದಕ್ಕೆ ಬಂದವರು ಜಿಮ್ ಹೆನ್ಸನ್, ‘ಸೆಸಮಿ ಸ್ಟ್ರೀಟ್’ನ ಮಪ್ಪೆಟ್ ಎಂಬ ಗೊಂಬೆಗಳ ಜನಕ. ಆಟ ಕೆಟ್ಟದ್ದನ್ನು ಅವರು ನೋಡಿದ್ದರು. ಆದರೆ ಈ ಮನುಷ್ಯ ಏನು ಮಾಡಲು ಹೊರಟಿದ್ದ ಅನ್ನುವುದೂ ಅವರಿಗೆ ಕಂಡಿತ್ತು. ಕೆಲಸಕ್ಕೆ ಕರೆದರು. ಇನ್‌ಸ್ಪೆಕ್ಷನ್‌ಗೆ ಬರುವವರು ಈ ಭಾಗವನ್ನು ಕೇಳಿಸಿಕೊಂಡರೆ ಒಳ್ಳೆಯದಿತ್ತು, ಅವರಾರೂ ಇವತ್ತು ಬಂದಿಲ್ಲ.

ಹಕ್ಕಿಯನ್ನು ಮೊದಲು ಫ್ರಾಂಕ್ ಆಝ್ ಎಂಬ ಹೆನ್ಸನ್‌ರ ಬಲಗೈ ಬಂಟ ಮಾಡಬೇಕಿತ್ತು. ಇಡೀ ಮೈ ಮುಚ್ಚುವ ವೇಷ ಅವರಿಗೆ ಆಗದು, ಬೇಡ ಅಂದರು. ಹಾಗೆ ಸ್ಪಿನ್ನಿಗೆ ಬಂತು. ಆಸ್ಕರನ ಧ್ವನಿಯ ಕತೆ ಇನ್ನೂ ಚೆಂದ. ಆಸ್ಕರ್ ಆಗಿ ಹೆನ್ಸನ್‌ರ ಎದುರು ಮಾತಾಡಬೇಕಾದ ದಿನ ಬೆಳಿಗ್ಗೆ ಸ್ಪಿನ್ನಿಗೆ ಇನ್ನೂ ಧ್ವನಿ ಸಿಕ್ಕಿರಲಿಲ್ಲ. ಹತ್ತಿದ ಟ್ಯಾಕ್ಸಿಯ ಡ್ರೈವರ್ ಬ್ರಾಂಕ್ಸ್ ಕಡೆಯವನು, ಎಲ್ಲಿಗೆ ಅಂತ ಬಾಯಿಯ ಮೂಲೆಯಿಂದ ಗದರಿಸಿ ಕೇಳಿದ. ದಾರಿಯುದ್ದಕ್ಕೂ ಸ್ಪಿನ್ನಿ ಆ ಒಂದು ಮಾತನ್ನೇ ಮನಸ್ಸಿನಲ್ಲಿ ಉರು ಹೊಡೆದರು. ಆ ಡ್ರೈವರನ ಗದರಿಕೆಯೇ ಆಸ್ಕರ್ ಆಗಿ ಐವತ್ತು ವರ್ಷ ನಡೆಯಿತು. ಅಂದ ಹಾಗೆ ಮೊದಲ ವರ್ಷ ಆಸ್ಕರ್ ಕಿತ್ತಳೆ ಬಣ್ಣದವನು, ಹಸಿರಾದದ್ದು ಎರಡನೇ ವರ್ಷಕ್ಕೆ.

ಬಿಗ್ ಬರ್ಡ್‌ನ ಕತೆಯೇ ನಿಮಗೆ ಬೇಕಾದದ್ದು. ಮೊದಮೊದಲು ಆ ಹಕ್ಕಿ ಒಬ್ಬ ಪೆದ್ದ. ದೊಡ್ಡವನೇ, ಆದರೆ ಹಳ್ಳಿಯ ಗುಗ್ಗು, ಬಾಗಿಲಿಗೆ ತಲೆ ಹೊಡೆದುಕೊಂಡು ನಗಿಸುವವನು. ಕೆಲವು ಸಂಚಿಕೆ ಕಳೆದ ಮೇಲೆ ಒಂದು ದೃಶ್ಯದ ಮಾತುಗಳನ್ನು ಓದುತ್ತಾ ಸ್ಪಿನ್ನಿಗೆ ಅನ್ನಿಸಿತು, ಇವನು ಪೆದ್ದ ಅಲ್ಲ, ಮಗು. ಎಂಟು ಅಡಿ ಇದ್ದರೇನು, ವಯಸ್ಸು ಆರು. ಅವನಿಗೆ ಗೊತ್ತಿಲ್ಲದ್ದು ದಡ್ಡತನದಿಂದ ಗೊತ್ತಿಲ್ಲದ್ದಲ್ಲ, ಇನ್ನೂ ಕಲಿತಿಲ್ಲ ಅಷ್ಟೇ. ಇದನ್ನು ಅವರು ಹೋಗಿ ಹೇಳಿದರು, ಉಳಿದವರು ಒಪ್ಪಿದರು. ಧ್ವನಿ ಮೇಲಕ್ಕೆ ಹೋಯಿತು, ನಡಿಗೆ ಬದಲಾಯಿತು. ಆ ದಿನದಿಂದ ಅದು ಮಕ್ಕಳ ಹಕ್ಕಿ.

ನಾವು ಗೊಂಬೆಯನ್ನು ಶಾಲೆಗೆ ತಂದ ಕೂಡಲೇ ಏನು ಮಾಡುತ್ತೇವೆ? ಮೇಷ್ಟ್ರನ್ನಾಗಿ ಮಾಡುತ್ತೇವೆ. ಗೊಂಬೆ ಬಂದು ಕೈ ತೊಳೆಯಿರಿ ಅನ್ನುತ್ತದೆ, ಗಿಡ ನೆಡಿ ಅನ್ನುತ್ತದೆ, ಲಸಿಕೆ ಹಾಕಿಸಿ ಅನ್ನುತ್ತದೆ. ಗೊಂಬೆಗೆ ಎಲ್ಲ ಗೊತ್ತು! ನಾನೂ ಊರಿಗೆ ಮರಳಿದ ಮೇಲೆ ಹೀಗೇ ಮಾಡಿದೆ. ಒಂದು ಸರ್ಕಾರಿ ಶಾಲೆಯಲ್ಲಿ ಕಾಲುಚೀಲದ ಗೊಂಬೆ ಹಿಡಿದು ಮಗ್ಗಿ ಕಲಿಸಲು ಹೋದೆ. ಎರಡನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು, ‘ಟೀಚರ್, ಇದೂ ನಿಮ್ಮ ಹಾಂಗೇ ಬೈತ್ ಅಲ್ದಾ’ ಅಂದ. ಕ್ಲಾಸು ಗೊಳ್ಳೆಂದಿತು. ಮಾರನೇ ದಿನ ಗೊಂಬೆಗೆ ಮೂರೂ ಎರಡೂ ಕೂಡಿದರೆ ಎಷ್ಟು ಅಂತ ಗೊತ್ತಿಲ್ಲದ ಹಾಗೆ ಮಾಡಿದೆ. ಅದು ಏಳು ಅಂದಿತು. ಅದೇ ಹುಡುಗ ಮುಂದೆ ಬಂದು, ಗೊಂಬೆಯ ಮುಖದ ಮುಂದೆ ಬೆರಳು ಮಡಚಿ ಮಡಚಿ ಎಣಿಸಿ ತೋರಿಸಿದ. ಮಕ್ಕಳಿಗಿಂತ ಕಮ್ಮಿ ತಿಳಿದ ಗೊಂಬೆ ಬೇಕು. ಇದೊಂದನ್ನು ಬರೆದುಕೊಳ್ಳುವುದಿದ್ದರೆ ಬರೆದುಕೊಳ್ಳಿ.

ಗೊತ್ತಿಲ್ಲದ ಹಕ್ಕಿಯಿಂದ ಅವರು ಎಂಥ ಕೆಲಸ ಮಾಡಿಸಿದರು ಅನ್ನುವುದಕ್ಕೆ ಒಂದು ಸಂಚಿಕೆ ಹೇಳುತ್ತೇನೆ. ಆ ಬೀದಿಯಲ್ಲಿ ಹೂಪರ್ ಅಂತ ಒಬ್ಬ ಅಂಗಡಿ ಅಜ್ಜ ಇದ್ದರು. ಹಕ್ಕಿಗೆ ಆ ಹೆಸರು ಒಮ್ಮೆಯೂ ಸರಿಯಾಗಿ ಬಾಯಿಗೆ ಬಂದದ್ದಿಲ್ಲ. ಲೂಪರ್ ಅನ್ನುತ್ತಿತ್ತು, ಕೂಪರ್ ಅನ್ನುತ್ತಿತ್ತು. ಅಜ್ಜ ಪ್ರತಿ ಸಲವೂ ಹೂಪರ್, ಹೂಪರ್ ಅಂತ ತಿದ್ದಬೇಕು. ಆ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೇರೆ ನಟನನ್ನು ಹಾಕಬಹುದಿತ್ತು, ಅಜ್ಜ ಊರಿಗೆ ಹೋದರು ಅಂತ ಹೇಳಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಸತ್ತರು ಅಂತಲೇ ಹೇಳುವುದು ಎಂದು ತೀರ್ಮಾನಿಸಿದರು. 1983ರ ನವೆಂಬರ್ 24ರಂದು ಪ್ರಸಾರ ಮಾಡಿದರು. ಅಲ್ಲಿನ ದೊಡ್ಡ ಹಬ್ಬದ ದಿನ ಅದು, ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ, ಮಗು ಏನಾದರೂ ಕೇಳಿದರೆ ಉತ್ತರಿಸಲು ಯಾರಾದರೂ ಪಕ್ಕದಲ್ಲಿ ಇರಲಿ ಅಂತ.

ಆ ಸಂಚಿಕೆಯಲ್ಲಿ ಹಕ್ಕಿ ಬೀದಿಯ ದೊಡ್ಡವರೆಲ್ಲರ ಚಿತ್ರ ಬರೆದು ತಂದಿರುತ್ತದೆ. ಒಬ್ಬೊಬ್ಬರಿಗೂ ಅವರವರ ಚಿತ್ರ ಕೊಡುತ್ತದೆ. ಕೊನೆಗೆ ಒಂದು ಉಳಿಯುತ್ತದೆ, ಹೂಪರ್‌ರದ್ದು. ಎಲ್ಲಿ ಅವರು, ಕೊಡಬೇಕಿತ್ತು ಅನ್ನುತ್ತದೆ. ಅವರು ತೀರಿಕೊಂಡರು ಅಂತ ನಾವು ಹೇಳಿದ್ದೆವಲ್ಲ ಅಂತ ದೊಡ್ಡವರು ನೆನಪಿಸುತ್ತಾರೆ. ಸರಿ ಹಾಗಾದರೆ, ವಾಪಸು ಬಂದಾಗ ಕೊಡುತ್ತೇನೆ ಅನ್ನುತ್ತದೆ ಹಕ್ಕಿ. ಸತ್ತವರು ವಾಪಸು ಬರುವುದಿಲ್ಲ ಅಂತ ಹೇಳಬೇಕಾಗುತ್ತದೆ. ಯಾಕೆ ಹೀಗೆ ಆಗಬೇಕು ಅಂತ ಹಕ್ಕಿ ಕೇಳಿದಾಗ ಆ ದೊಡ್ಡವರ ಹತ್ತಿರ ಉತ್ತರ ಇಲ್ಲ, ಅದು ಹಾಗೆಯೇ, ಅಷ್ಟೇ ಅನ್ನುತ್ತಾರೆ. ದೇವರು ಕರೆದುಕೊಂಡ, ನಕ್ಷತ್ರ ಆದರು, ಆಸ್ಪತ್ರೆಗೆ ಹೋಗಿದ್ದರು, ಈ ಯಾವ ಮಾತೂ ಇಲ್ಲ. ಆಸ್ಪತ್ರೆ ಅಂದರೆ ಮುಂದೆ ಜ್ವರ ಬಂದಾಗ ಮಗು ಹೆದರುತ್ತದಲ್ಲ. ಹಕ್ಕಿ ಕೊನೆಗೆ ಆ ಚಿತ್ರ ನೋಡುತ್ತಾ ಲೂಪರ್‌ರನ್ನು ನೆನೆದು ಅಳುತ್ತದೆ. ಸುತ್ತ ನಿಂತವರು, ಅಳು ನುಂಗಿಕೊಂಡು, ಹೂಪರ್ ಕಣೋ, ಹೂಪರ್ ಅಂತ ತಿದ್ದುತ್ತಾರೆ. ಈಗ ಆ ತಿದ್ದುವ ಕೆಲಸ ಅವರದ್ದು.

ಆ ಚಿತ್ರಗಳನ್ನು ಬರೆದದ್ದು ಸ್ಪಿನ್ನಿಯೇ. ಅವರು ಒಳ್ಳೆಯ ಚಿತ್ರಗಾರ. ಹಕ್ಕಿಯ ಕೈಬರಹ ಹಕ್ಕಿಯೊಳಗಿನವನದ್ದೇ ಇರಲಿ ಅಂದಿದ್ದಾರು. ಸಾವನ್ನು ಹಕ್ಕಿಗೆ ತಿಳಿಹೇಳುವಾಗ ಆ ಮಾತು ಕೇಳುತ್ತಿದ್ದದ್ದು ಟೀವಿಯ ಮುಂದಿನ ಮಗು, ಆದರೆ ಯಾರೂ ಮಗುವಿಗೆ ನೇರ ಹೇಳಲಿಲ್ಲ ನೋಡಿ. ನಾಲ್ಕು ವರ್ಷದ ಮಗುವಿಗೆ ತಿಥಿಯ ದಿನ ಏನು ಹೇಳುವುದು ಅಂತ ತಿಳಿಯದೆ ನಾವು ಪಕ್ಕದ ಮನೆಗೆ ಕಳಿಸಿಬಿಡುತ್ತೇವೆ. ಮಗು ಪಕ್ಕದ ಮನೆಯ ಕಿಟಕಿಯಿಂದ ಎಲ್ಲ ನೋಡುತ್ತಲೇ ಇರುತ್ತದೆ.

ಇನ್ನೊಂದು, ಬೇಗ ಹೇಳುತ್ತೇನೆ. ಹಕ್ಕಿಗೆ ಸ್ನಫಲಪಗಸ್ ಅಂತ ಆನೆಯಂಥ ಒಬ್ಬ ದೊಡ್ಡ ಗೆಳೆಯ. ದೊಡ್ಡವರು ಬರುವ ಹೊತ್ತಿಗೆ ಅವನು ಹೋಗಿರುತ್ತಿದ್ದ, ಹಾಗಾಗಿ ಅವನು ಬರೀ ಹಕ್ಕಿಯ ಕಲ್ಪನೆ ಅಂದುಕೊಂಡು, ಅವನು ಇದ್ದಾನೆ ಅಂತ ವರ್ಷಗಟ್ಟಲೆ ಯಾರೂ ನಂಬಲಿಲ್ಲ. ಒಳ್ಳೆ ತಮಾಷೆ. ಆದರೆ 1985ರಲ್ಲಿ ಆ ತಮಾಷೆಯನ್ನು ನಿಲ್ಲಿಸಿ ಎಲ್ಲರಿಗೂ ಅವನನ್ನು ತೋರಿಸಿಬಿಟ್ಟರು. ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಗಳು ಅಲ್ಲಿ ಹೊರಬರುತ್ತಿದ್ದ ಕಾಲ. ನಿಜ ಹೇಳಿದರೂ ದೊಡ್ಡವರು ನಂಬುವುದಿಲ್ಲ ಅಂತ ಮಕ್ಕಳು ಕಲಿತರೆ ಗತಿ ಏನು ಅನ್ನುವ ಅಂಜಿಕೆ. ಹದಿನಾಲ್ಕು ವರ್ಷದ ಹಾಸ್ಯವನ್ನು ಆ ಕಾರಣಕ್ಕೆ ಕೈಬಿಟ್ಟರು.

1990ರ ಮೇ ತಿಂಗಳಲ್ಲಿ ಜಿಮ್ ಹೆನ್ಸನ್ ಹಠಾತ್ತನೆ ತೀರಿಕೊಂಡಾಗ ನ್ಯೂಯಾರ್ಕಿನ ದೊಡ್ಡ ಕ್ಯಾಥೆಡ್ರಲ್‌ನಲ್ಲಿ ಸ್ಮರಣೆಯ ಸಭೆ. ಅಲ್ಲಿ ಬಿಗ್ ಬರ್ಡ್ ಒಂಟಿಯಾಗಿ ನಡೆದು ಬಂದು ಹಾಡಿತು, ಹೆನ್ಸನ್‌ರ ಕಪ್ಪೆ ಗೊಂಬೆ ಹಾಡುತ್ತಿದ್ದ ಹಾಡನ್ನು. ಆ ವಿಡಿಯೊ ನೋಡಿದ್ದೇನೆ. ನೋಡುವಾಗ ನನ್ನ ಗಮನ ಪೂರ್ತಿ ಒಂದೇ ಕಡೆ. ಒಳಗೆ ಕತ್ತಲೆಯಲ್ಲಿ, ತನ್ನನ್ನು ಸಾಲ್ಟ್ ಲೇಕ್ ಸಿಟಿಯಿಂದ ಕರೆತಂದವನ ಸಾವಿಗೆ ಒಬ್ಬ ಮನುಷ್ಯ ಅಳುತ್ತಿದ್ದಿರಬೇಕು. ಬಲಗೈ ಮಾತ್ರ ಮೇಲೇ ಇದೆ. ಅದು ಇಳಿಯುವ ಹಾಗಿಲ್ಲ.

ವಯಸ್ಸಾಗಿ, ತೂಕ ಸಂಭಾಳಿಸುವುದು ಕಷ್ಟವಾಗಿ, 2015ರಲ್ಲಿ ಹಕ್ಕಿಯ ವೇಷವನ್ನು ತಾವೇ ಪಳಗಿಸಿದ ಮ್ಯಾಟ್ ವೋಗಲ್‌ಗೆ ಒಪ್ಪಿಸಿದರು. ಧ್ವನಿ ಮಾತ್ರ ಇನ್ನೂ ಮೂರು ವರ್ಷ ಕೊಟ್ಟರು. 2018ರಲ್ಲಿ ಅದನ್ನೂ ಬಿಟ್ಟರು. 2019ರ ಡಿಸೆಂಬರ್ 8ರಂದು ಹೋದರು, 85 ವರ್ಷ.

ಆ ಸುದ್ದಿ ನನಗೆ ಹೇಳಿದ್ದು ಚುಕ್ಕಿ. ಅಷ್ಟು ಹೊತ್ತಿಗೆ ನಾನು ಊರಿನಲ್ಲಿ, ಅವಳು ಓದಿಗೆ ಅಂತ ಮತ್ತೆ ಅಲ್ಲಿ. ಫೋನು ಮಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಸ್ಕರ್ ಆ ದಿನ ನಿನ್ನ ಕಿವಿಯಲ್ಲಿ ಏನಂದ ಅಂತ ನಾನು ಹದಿನಾರು ವರ್ಷದಿಂದ ಕೇಳುತ್ತಿದ್ದೇನೆ, ಆ ದಿನವೂ ಕೇಳಿದೆ. ನೆನಪಿಲ್ಲ ಅಮ್ಮ ಅಂದಳು. ಆಮೇಲೆ, ನೆನಪಿದ್ದರೂ ಹೇಳ್ತಿರಲಿಲ್ಲ ಅಂದಳು.

ಪುಸ್ತಕ ಇಲ್ಲಿದೆ. ತಂದಿದ್ದೇನೆ, ಮಾತು ಮುಗಿದ ಮೇಲೆ ನೋಡಬಹುದು, ಕೈ ಒರೆಸಿಕೊಂಡು. ಮೊದಲ ಪುಟ ತೆರೆದರೆ ಒಂದು ತಪ್ಪು ಕಾಣುತ್ತದೆ. ಅಂಥ ಅಂಗಡಿಗಳಲ್ಲಿ ಸಾಲಿನಲ್ಲಿ ನಿಂತಾಗಲೇ ಒಬ್ಬರು ಬಂದು ಹೆಸರು ಕೇಳಿ ಹಳದಿ ಚೀಟಿಯಲ್ಲಿ ಬರೆದು ಪುಸ್ತಕಕ್ಕೆ ಅಂಟಿಸುತ್ತಾರೆ, ಲೇಖಕರು ಅದನ್ನು ನೋಡಿ ಬರೆಯುತ್ತಾರೆ. ನಾನು ಚುಕ್ಕಿ ಅಂದೆ. ಆ ಹುಡುಗಿಗೆ ಕೇಳಿಸಿದ್ದು ‘ಚಕಿ’. ಅಮೆರಿಕದಲ್ಲಿ ಚಕಿ ಅಂದರೆ ಗಂಡು ಹುಡುಗನ ಹೆಸರು. ಸಾಲದ್ದಕ್ಕೆ ಅಲ್ಲಿನ ಭಯಾನಕ ಸಿನಿಮಾವೊಂದರಲ್ಲಿ ಚಾಕು ಹಿಡಿದು ಕೊಲೆ ಮಾಡುತ್ತಾ ಓಡಾಡುವ ಗೊಂಬೆಯ ಹೆಸರೂ ಅದೇ! ಚೀಟಿ ನೋಡಿದೆ, ತಿದ್ದಿಸುವಷ್ಟು ಇಂಗ್ಲಿಷ್ ಆಗ ನನ್ನ ಬಾಯಲ್ಲಿ ಇರಲಿಲ್ಲ. ಹಾಗಾಗಿ ಈ ಪುಸ್ತಕ ಚಕಿಗೆ ಅಂತ ಇದೆ, ಕೆಳಗೆ ಹಕ್ಕಿಯ ಮುಖ, ಸಹಿ.

ಮನೆಗೆ ಬಂದು ಗಂಡನಿಗೆ ತೋರಿಸಿದಾಗ ಅವರು ಬಿದ್ದು ಬಿದ್ದು ನಕ್ಕರು. ನನಗೆ ಅಳು. ಬೆಳೆದ ಮೇಲೆ ಇವಳಿಗೂ ಬೇಜಾರಾಗುತ್ತದೆ ಅಂದುಕೊಂಡಿದ್ದೆ. ಕಳೆದ ತಿಂಗಳು ಅವಳು ಹೊಸ ಮನೆಗೆ ಹೋದಳು. ಕರೆಗಂಟೆಯ ಪಕ್ಕದ ಹೆಸರಿನ ಪಟ್ಟಿಯ ಫೋಟೊ ವಾಟ್ಸಾಪಿನಲ್ಲಿ ಕಳಿಸಿದ್ದಳು. ಅದರಲ್ಲಿ ಬರೆದಿರುವುದು ‘ಚಕಿ’. ನಾನು ‘ಚುಕ್ಕಿ ಕಣೇ, ಚುಕ್ಕಿ’ ಅಂತ ಉತ್ತರ ಬರೆದೆ.